ಗ್ರಾನೈಟ್ ಧೂಳಿಗೂ ಟಿಬಿಗೂ ಎಂತ ಸಂಬಂಧ?

ನೀವು ಕೇಳಿದ್ದು ಇಷ್ಟು: ಅಣ್ಣ 12 ವರ್ಷದಿಂದ ಗ್ರಾನೈಟ್ ಕೂರಿಸುವ ಕೆಲಸ ಮಾಡ್ತಿದ್ದಾನೆ, ಬೀಡಿ ಸಿಗರೇಟು ಒಂದೂ ಇಲ್ಲ, ಆದ್ರೂ ಎಕ್ಸ್‌ರೇಯಲ್ಲಿ ಮೇಲ್ಗಡೆ ಚುಕ್ಕಿ ಚುಕ್ಕಿ ಕಾಣ್ತದೆ, ಟಿಬಿ ಉಂಟಾ ಅಂತ ಕಫ ಪರೀಕ್ಷೆ ಮಾಡಿಸ್ಲಿಕ್ಕೆ ಹೇಳಿದ್ದಾರೆ, ಇಮ್ಯುನಿಟಿ ಜಾಸ್ತಿ ಆಗ್ಲಿಕ್ಕೆ ಎಂತ ಕೊಡ್ಬೇಕು ಅಂತ. ನಾನು ಡಾಕ್ಟರ್ ಅಲ್ಲ, ಕುಂಬಳೆ ಹತ್ರ ಒಂದು ಲ್ಯಾಬಲ್ಲಿ ಕೆಲಸ. ಆದ್ರೆ ಇದೇ ಕಥೆ ನಮ್ಮ ಮನೆಯಲ್ಲೂ ಆಗಿದೆ.

ನಮ್ಮ ಸೋದರಮಾವ ಉಪ್ಪಳ, ಮಂಜೇಶ್ವರ ಕಡೆ ಮನೆಮನೆಗೆ ಹೋಗಿ ಅಡಿಗೆಮನೆ ಸ್ಲ್ಯಾಬ್ ಕಟ್ ಮಾಡ್ತಿದ್ರು, ನೀರು ಹಾಕಿದ್ರೆ ಕೆಸರಾಗ್ತದೆ ಅಂತ ಮನೆಯವರು ಬೈತಾರೆ ಅಂತ ಒಣಗಲ್ಲಿಗೇ ಗ್ರೈಂಡರ್ ಇಡುದು, ಮೂಗಿಗೆ ಬೈರಾಸು ಕಟ್ಟಿಕೊಳ್ಳುದು, ಸಂಜೆ ಒಂದು ತುಂಡು ಬೆಲ್ಲ ತಿನ್ನುದು, ಧೂಳು ಹೋಗ್ತದಂತೆ! ಕೆಮ್ಮು ಶುರುವಾದ ಮೇಲೆ 2 ವರ್ಷ ಎಲರ್ಜಿ ಅಂತ ಇನ್‌ಹೇಲರ್ ಕೊಟ್ರು, ಕೆಲಸ ಎಂತ ಅಂತ ಒಬ್ಬರೂ ಕೇಳ್ಲಿಲ್ಲ, ಇವರೂ ಹೇಳ್ಲಿಲ್ಲ. ಕೊನೆಗೆ ಗೊತ್ತಾದದ್ದು ಸಿಲಿಕೋಸಿಸ್, ಅಂದ್ರೆ ಕಲ್ಲಲ್ಲಿರುವ ಸಿಲಿಕಾ ಅಂತ ಖನಿಜದ ಧೂಳು ಒಳಗೆ ಹೋಗಿ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ.

ಒಳಗೆ ಆಗುದು ಹೀಗೆ. ದೊಡ್ಡ ಧೂಳು ಮೂಗು ಗಂಟಲಲ್ಲೇ ಸಿಕ್ಕಿಬಿದ್ದು ಕಫದ ಜೊತೆ ಹೊರಗೆ ಬರ್ತದೆ. ಕಣ್ಣಿಗೆ ಕಾಣದ, 5 ಮೈಕ್ರಾನಿಗಿಂತ ಸಣ್ಣದು ಗಾಳಿಚೀಲದ ತನಕ ಇಳೀತದೆ, ಅಲ್ಲಿ ಗುಡಿಸ್ಲಿಕ್ಕೆ ಇರುದು ಮ್ಯಾಕ್ರೋಫೇಜ್ ಅಂತ ಒಂದು ಕಾವಲು ಕೋಶ. ಬಂದದ್ದನ್ನು ನುಂಗಿ ತನ್ನ ಒಳಗಿನ ಆಸಿಡ್ ಚೀಲದಲ್ಲಿ ಕರಗಿಸುದು ಅದರ ಕೆಲಸ. ಬ್ಯಾಕ್ಟೀರಿಯಾ ಆದ್ರೆ ಕರಗ್ತದೆ, ಕಲ್ಲು ಕರಗ್ತದಾ ಮಾರಾಯ್ರೆ? ಆ ಚೀಲವೇ ಒಡೆದು ಕೋಶ ಸಾಯ್ತದೆ, ನುಂಗಿದ ಸಿಲಿಕಾ ಹಾಗೇ ಹೊರಗೆ ಬೀಳ್ತದೆ, ಅದನ್ನು ಇನ್ನೊಂದು ಬಂದು ನುಂಗ್ತದೆ, ಅದೂ ಸಾಯ್ತದೆ. ಸಾಯುವ ಮೊದಲು ಇಂಟರ್‌ಲ್ಯೂಕಿನ್-1 ಬೀಟಾ ಅಂತ ಒಂದು ಉರಿಯೂತದ ಸಂದೇಶ ಬಿಡ್ತದೆ, ಆ ಗಲಾಟೆಗೆ ಅಕ್ಕಪಕ್ಕದ ಕೋಶಗಳು ಗಾಯ ಮುಚ್ಚುವ ಹಾಗೆ ಕೊಲಾಜನ್ ಅಂತ ನಾರು ಕಟ್ತಾ ಹೋಗ್ತವೆ, ಅದೇ ಗಟ್ಟಿಯಾಗಿ ಎಕ್ಸ್‌ರೇಯಲ್ಲಿ ಚುಕ್ಕಿ. ಕೆಲಸ ಬಿಟ್ಟ ಮೇಲೂ ಇದು ಮುಂದುವರಿಯುದು ಅದಕ್ಕೇ, ಕಲ್ಲು ಒಳಗೇ ಉಂಟಲ್ಲ.

ನಾವು ಹುಟ್ಟಿದಂದಿನಿಂದ ಕಡಲಬದಿಯ ಹೊಯಿಗೆಯಲ್ಲಿ ಆಡಿದವರು, ಅದರಲ್ಲೂ ಇರುದು ಸಿಲಿಕಾವೇ, ನಮಗೆ ಎಂತ ಆಗ್ಲಿಲ್ಲ ಅಂತ ಮಾವ ವಾದ ಮಾಡ್ತಿದ್ರು. ಆದ್ರೆ ಹೊಯಿಗೆಯ ಕಾಳು ದಪ್ಪ, ಒಳಗೆ ಇಳಿಯುದಿಲ್ಲ. ಮತ್ತೆ ಬ್ಲೇಡಿಗೆ ಸಿಕ್ಕಿ ಆಗಷ್ಟೇ ಒಡೆದ ಕಲ್ಲಿನ ಪುಡಿ ಹಳೇ ಪುಡಿಗಿಂತ ಜಾಸ್ತಿ ವಿಷ. ಕಲ್ಲು ಯಾವುದು ಅಂತಲೂ ನೋಡ್ಬೇಕು, ಮಾರ್ಬಲಲ್ಲಿ ಸಿಲಿಕಾ ಕಮ್ಮಿ, ಗ್ರಾನೈಟಲ್ಲಿ ಸುಮಾರು ಮೂರರಲ್ಲೊಂದು ಪಾಲು ಇರಬಹುದು, ಈಗ ಫ್ಯಾಷನ್ ಆಗಿರುವ ಕೃತಕ ಕ್ವಾರ್ಟ್ಜ್ ಸ್ಲ್ಯಾಬಲ್ಲಿ 90 ಶೇಕಡಾ ದಾಟ್ತದೆ. ಆಸ್ಟ್ರೇಲಿಯಾದಲ್ಲಿ 2024ರ ಜುಲೈಯಿಂದ ಅದನ್ನು ಬ್ಯಾನೇ ಮಾಡಿದ್ದಾರೆ.

ಇನ್ನು ಟಿಬಿ. ಟಿಬಿಯ ಬ್ಯಾಕ್ಟೀರಿಯಾ ಒಳಗೆ ಬಂದಾಗ ಮೊದಲು ಹಿಡಿಯಬೇಕಾದ್ದು ಇದೇ ಮ್ಯಾಕ್ರೋಫೇಜ್. ಅದೇ ಕಲ್ಲು ನುಂಗಿ ಅರೆಜೀವ ಆಗಿದ್ರೆ ಹಿಡಿಯುದು ಯಾರು? ಹಾಗಾಗಿ ಸಿಲಿಕೋಸಿಸ್ ಇದ್ದವರಿಗೆ ಟಿಬಿ ಅಪಾಯ ಬೇರೆಯವರಿಗಿಂತ ಎಷ್ಟೋ ಪಾಲು ಜಾಸ್ತಿ. ಎರಡರದ್ದೂ ಚುಕ್ಕಿ ಶ್ವಾಸಕೋಶದ ಮೇಲ್ಭಾಗದಲ್ಲೇ ಬರುದರಿಂದ ಬರೀ ಎಕ್ಸ್‌ರೇ ನೋಡಿ ಒಂದನ್ನು ಇನ್ನೊಂದು ಅಂತ ತಪ್ಪು ತಿಳಿಯುದೂ ಉಂಟು. ಕಫ ಪರೀಕ್ಷೆಗೆ ಬರೆದದ್ದು ಸರಿಯೇ, ಆದ್ರೆ 12 ವರ್ಷ ಗ್ರಾನೈಟ್ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ.

ಇಮ್ಯುನಿಟಿ ಪುಡಿ, ಕಷಾಯಕ್ಕೆ ದುಡ್ಡು ಹಾಕ್ಬೇಡಿ, ಇಲ್ಲಿ ತೊಂದರೆ ಕಾವಲು ಕಮ್ಮಿ ಆದದ್ದಲ್ಲ, ಕಾವಲಿನವನಿಗೆ ಕಲ್ಲು ತಿನ್ನಿಸಿದ್ದು. ಗಟ್ಟಿಯಾದ ಜಾಗವನ್ನು ವಾಪಸ್ ಮೆತ್ತಗೆ ಮಾಡುವ ಮದ್ದು ಇಲ್ಲ. ಅಣ್ಣ ಧೂಳಿನ ಕೆಲಸದಿಂದ ದೂರ ಆದ್ರೆ ಒಳ್ಳೇದು, ಆಗುದೇ ಇಲ್ಲ ಅಂತಾದ್ರೆ ನೀರು ಬಿಟ್ಟೇ ಕೊಯ್ಯಲಿ, ಮುಖಕ್ಕೆ ಸರಿ ಕೂರುವ ಎನ್95 ಮಾಸ್ಕ್ ಹಾಕಲಿ, ಗಡ್ಡ ಇದ್ರೆ ಅದು ಕೂರುದಿಲ್ಲ. ಬೈರಾಸು ಲೆಕ್ಕಕ್ಕಿಲ್ಲ.

ಮತ್ತೆ ಕಫ ಕೊಡುವಾಗ ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ ಎದೆಯಿಂದ ಕೆಮ್ಮಿ ತೆಗೆದದ್ದು ಬೇಕು, ಬರೀ ಉಗುಳು ತಂದ್ರೆ ನಮ್ಮಂಥವರು ಇನ್ನೊಂದು ಡಬ್ಬಿ ಕೊಟ್ಟು ವಾಪಸ್ ಕಳಿಸ್ತೇವೆ.