ಥ್ರಾಟಲ್ ಬಾಡಿಯ ಕೂಲಂಟ್ ಹೋಸ್: ಬೈಪಾಸ್ ಮಾಡಿದರೆ ಪವರ್ ಬರುತ್ತದೆಯೇ?

ಪ್ರಶ್ನೆ: ನನ್ನದು ಶೆವ್ರೊಲೆ ಸಿಲ್ವರಾಡೊ ಟ್ರಕ್, 2002ರ ಮಾದರಿ, 5.3 ಲೀಟರ್ ವಿ8 ಪೆಟ್ರೋಲ್ ಎಂಜಿನ್. ಎಂಜಿನ್‌ಗೆ ಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಥ್ರಾಟಲ್ ಬಾಡಿಯ ತಳಕ್ಕೆ ಕೂಲಂಟ್‌ನ (ಎಂಜಿನ್ ತಣಿಸುವ ದ್ರವದ) ಎರಡು ಸಣ್ಣ ಹೋಸ್‌ಗಳು ಬಂದು ಸೇರುತ್ತವೆ. ಎಂಜಿನ್ ಬಿಸಿಯಾದ ಮೇಲೆ ಅಲ್ಲಿ ಕೈ ಇಡಲಾಗದು. ಈ ಹೋಸ್‌ಗಳನ್ನು ಕಿತ್ತು, ಬಾಯಿಗೆ ಡಮ್ಮಿ (ಬಿರಡೆ) ಹಾಕಿಬಿಟ್ಟರೆ ಗಾಳಿ ತಣ್ಣಗೆ ಒಳಹೋಗಿ ಪವರ್ ಹೆಚ್ಚುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಮಾಡಬಹುದೇ? ನಾನಿರುವ ಕಡೆ ಹಿಮ ಬೀಳುವುದಿಲ್ಲ.

ಉತ್ತರ: ಡಮ್ಮಿ ಮಾತ್ರ ಹಾಕಬೇಡಿ. ಹರಿವು ನಿಲ್ಲಿಸದೆ ಥ್ರಾಟಲ್ ಬಾಡಿಯನ್ನಷ್ಟೇ ಬಿಟ್ಟು ಹೋಸ್ ಜೋಡಿಸುವ ಬೈಪಾಸ್ ಬೇರೆ, ಮುಚ್ಚಿಬಿಡುವುದು ಬೇರೆ. ನಿಮ್ಮ ಎಂಜಿನ್‌ನ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್‌ನ ಕೆಳಗಿನ ಸೀಲು) ಉಳಿಯುವುದೂ ಹೋಗುವುದೂ ಈ ವ್ಯತ್ಯಾಸದ ಮೇಲಿದೆ.

ಬಾನೆಟ್ ಎತ್ತಿ ಆ ಹೋಸ್ ಎಲ್ಲಿಂದ ಹೊರಟಿದೆ ಎಂದು ಬೆರಳಿಟ್ಟು ಹಿಂಬಾಲಿಸಿ. ಎರಡು ಸಿಲಿಂಡರ್ ಹೆಡ್‌ಗಳನ್ನು ಜೋಡಿಸುವ ತೆಳ್ಳನೆಯ ಲೋಹದ ಪೈಪೊಂದು ಸಿಗುತ್ತದೆ. ಅದರಿಂದ ಹೊರಟ ಹೋಸ್ ಥ್ರಾಟಲ್ ಬಾಡಿಗೆ ಬರುತ್ತದೆ. ಅಲ್ಲಿಂದ ಇನ್ನೊಂದು ಹೋಸ್ ರೇಡಿಯೇಟರ್‌ಗೆ ಹೋಗುತ್ತದೆ. ಆ ಲೋಹದ ಪೈಪು ಹೆಡ್‌ಗೆ ಸೇರುವ ಜಾಗವೇ ಹೆಡ್‌ನೊಳಗೆ ಕೂಲಂಟ್ ಓಡಾಡುವಲ್ಲಿ ಅತಿ ಎತ್ತರದ ಬಿಂದು. ಹಬೆಯಾಗಲಿ, ಸಿಕ್ಕಿಕೊಂಡ ಗಾಳಿಯಾಗಲಿ ಮೇಲಕ್ಕೇರಿ ಅಲ್ಲೇ ನಿಲ್ಲುತ್ತದೆ. ಅದಕ್ಕೆ ಹೊರದಾರಿ ಈ ಪೈಪು. ಬಾಯಿ ಮುಚ್ಚಿದಿರೋ, ಹಬೆ ನಿಂತ ಜಾಗದಲ್ಲಿ ಲೋಹಕ್ಕೆ ಕೂಲಂಟ್ ತಾಗುವುದಿಲ್ಲ, ಆ ಭಾಗವಷ್ಟೇ ವಿಪರೀತ ಕಾಯುತ್ತದೆ. ಸೆನ್ಸರ್ ಬೇರೆ ಕಡೆ ಇರುವುದರಿಂದ ಮೀಟರಿನ ಮುಳ್ಳು ಏನೂ ಆಗಿಲ್ಲವೆಂಬಂತೆ ಮಧ್ಯದಲ್ಲೇ ನಿಂತಿರಬಹುದು. ನನ್ನನ್ನು ಹೆಚ್ಚು ಹೆದರಿಸುವುದು ಇದೇ.

ಇನ್ನು ಪವರ್‌ನ ಮಾತು. 5.3 ಲೀಟರ್‌ನ ಎಂಜಿನ್ 5000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 200 ಲೀಟರ್ ಗಾಳಿ ಎಳೆಯುತ್ತದೆ. 75 ಮಿಲಿಮೀಟರ್ ಬಾಯಿಯ ಥ್ರಾಟಲ್ ಬಾಡಿಯಲ್ಲಿ ಆ ಗಾಳಿಯ ವೇಗ ಸೆಕೆಂಡಿಗೆ 45 ಮೀಟರ್ ಆಸುಪಾಸು. ಎಂಟು ಸೆಂಟಿಮೀಟರ್ ಉದ್ದದ ಆ ಲೋಹವನ್ನು ದಾಟಲು ಅದಕ್ಕೆ ಹಿಡಿಯುವುದು ಎರಡು ಮಿಲಿಸೆಕೆಂಡ್‌ಗೂ ಕಡಿಮೆ. ಅಷ್ಟರಲ್ಲಿ ಅದೆಷ್ಟು ಕಾದೀತು? ಗೋಡೆ 90 ಡಿಗ್ರಿ ಇದ್ದರೂ ಲೆಕ್ಕ ಹಾಕಿದರೆ ಒಂದು ಡಿಗ್ರಿ ಸೆಲ್ಸಿಯಸ್ ಏರುವುದೂ ಕಷ್ಟ. ಒಳಹೋಗುವ ಗಾಳಿ ಮೂರು ಡಿಗ್ರಿ ತಣ್ಣಗಾದರೆ ಅದರ ಸಾಂದ್ರತೆ ಸುಮಾರು ಶೇ 1ರಷ್ಟು ಹೆಚ್ಚುತ್ತದೆ. ನಿಮಗೆ ಸಿಗುವುದು ಅದರ ಮೂರನೇ ಒಂದು ಪಾಲು ಇದ್ದೀತು. ಸೀಟಿನಲ್ಲಿ ಕೂತವರಿಗೆ ಗೊತ್ತೇ ಆಗದು. ಮುಟ್ಟಿದರೆ ಕೈ ಸುಡುತ್ತದೆ ಎಂಬುದು ನಿಜ, ಆದರೆ ಕೈ ಅಲ್ಲಿ ಇಡೀ ಒಂದು ಸೆಕೆಂಡ್ ಇರುತ್ತದೆ. ತಣ್ಣನೆಯ ಗಾಳಿಯೇ ಬೇಕಿದ್ದರೆ ಏರ್ ಫಿಲ್ಟರ್ ಡಬ್ಬಿ ಎಲ್ಲಿಂದ ಗಾಳಿ ಎಳೆಯುತ್ತಿದೆ ನೋಡಿ. ಡಬ್ಬಿಯ ಸೀಲ್ ಹರಿದು ರೇಡಿಯೇಟರ್ ಹಿಂದಿನ ಬಿಸಿಗಾಳಿ ನುಗ್ಗುತ್ತಿದ್ದರೆ ಅಲ್ಲಿ ನಷ್ಟ ಹತ್ತಾರು ಡಿಗ್ರಿಗಳದ್ದು.

ಥ್ರಾಟಲ್ ಬಾಡಿಗೆ ಕೂಲಂಟ್‌ನ ಬಿಸಿ ಕೊಡುವುದು ಅಲ್ಲಿ ಮಂಜುಗಡ್ಡೆ ಕಟ್ಟದಿರಲೆಂದು. ಹಿಮವಿಲ್ಲದ ಊರಿಗೆ ಆ ಬಿಸಿ ಬೇಡವೇ ಎಂದರೆ, ಬಹುಪಾಲು ಬೇಡ. ಆದರೆ ಹಿಮ ಬೀಳುವುದೊಂದೇ ಅಳತೆಯಲ್ಲ. ಅರ್ಧ ತೆರೆದ ಥ್ರಾಟಲ್ ತಟ್ಟೆಯ ಅಂಚಿನಲ್ಲಿ ಒತ್ತಡ ಕುಸಿದು ಗಾಳಿ ಇನ್ನಷ್ಟು ತಣ್ಣಗಾಗುತ್ತದೆ. ಎಂಜಿನ್ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕ್‌ಗೆ ಕಳಿಸುವ ಪಿಸಿವಿ ಪೈಪಿನಿಂದ ಬರುವ ತೇವವೂ ಅದಕ್ಕೆ ಸೇರುತ್ತದೆ. ಹೊರಗೆ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಮೇಲಿದ್ದು, ಗಾಳಿಯಲ್ಲಿ ತೇವ ತುಂಬಿದ್ದರೂ ಅಲ್ಲಿ ಮಂಜುಗಡ್ಡೆ ಕಟ್ಟಬಹುದು. ನಿಮ್ಮ ಟ್ರಕ್‌ನದ್ದು ಕೇಬಲ್ ಥ್ರಾಟಲ್. ತಟ್ಟೆ ಅಂಟಿಕೊಂಡರೆ ಆಕ್ಸಿಲೇಟರ್‌ನಿಂದ ಕಾಲು ತೆಗೆದರೂ ಎಂಜಿನ್ ರೇಸ್ ಇಳಿಯುವುದಿಲ್ಲ. ಬೆಟ್ಟದ ರಸ್ತೆಗೆ, ಚಳಿ ಪ್ರದೇಶಕ್ಕೆ ಎಂದಾದರೂ ಹೋಗುವವರಾದರೆ ಹೋಸ್ ಇದ್ದಹಾಗೇ ಇರಲಿ.

ಥ್ರಾಟಲ್ ಬಾಡಿಯ ನಿಪ್ಪಲ್ (ಹೋಸ್ ಸಿಕ್ಕಿಸುವ ಮೂತಿ) ತುಕ್ಕು ಹಿಡಿದು ಸೋರುತ್ತಿದೆ, ಅದಕ್ಕೇ ಬೈಪಾಸ್ ಬೇಕು ಎನ್ನುವುದಾದರೆ ನಾನೂ ಒಪ್ಪುತ್ತೇನೆ. ಹೆಡ್ ಕಡೆಯ ಪೈಪಿನಿಂದ ರೇಡಿಯೇಟರ್ ಕಡೆಗೆ ನೇರವಾಗಿ ಒಂದೇ ಹೋಸ್ ಎಳೆಯಿರಿ, ಹರಿವು ನಿಲ್ಲಬಾರದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲಂಟ್‌ನ ಮುಚ್ಚಳ ತೆಗೆಯಿರಿ, ಬಿಸಿಯಿರುವಾಗ ಅದರೊಳಗೆ ಒಂದು ಬಾರ್‌ನಷ್ಟು ಒತ್ತಡ ಇರುತ್ತದೆ. ಕೂಲಂಟ್‌ಗೆಂದೇ ಮಾಡಿದ ಇಪಿಡಿಎಂ ರಬ್ಬರ್ ಹೋಸ್ ತನ್ನಿ. ಪೆಟ್ರೋಲ್ ಪೈಪು ಕೈಗೆ ಸಿಕ್ಕಿತೆಂದು ಅದನ್ನೇ ಹಾಕಬೇಡಿ. ಬಾಗಿಸುವಾಗ ಹೋಸ್ ಮಡಿಚಿಕೊಂಡರೆ ಅದೂ ಡಮ್ಮಿ ಹಾಕಿದಂತೆಯೇ, ಹಾಗಾಗಿ ಅಗಲವಾದ ಬಳಸು ಕೊಡಿ, ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ ದೂರವಿಡಿ. ಕೂಲಂಟ್ ತುಂಬಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ಕೂಲಂಟನ್ನು ರೇಡಿಯೇಟರ್ ಮೂಲಕ ಹರಿಯಬಿಡುವ ವಾಲ್ವ್) ತೆರೆಯುವವರೆಗೆ ಎಂಜಿನ್ ಓಡಿಸಿ. ಹೊಸ ಹೋಸ್ ಎರಡೂ ತುದಿಯಲ್ಲಿ ಬಿಸಿಯಾಗಿದ್ದರೆ ಹರಿವು ಇದೆ ಎಂದರ್ಥ. ಮಾರನೆಯ ದಿನ ತಣ್ಣನೆಯ ಎಂಜಿನ್‌ನಲ್ಲಿ ಮಟ್ಟ ಮತ್ತೆ ನೋಡಿ, ಗಾಳಿ ಹೊರಬಿದ್ದಷ್ಟು ಇಳಿದಿರುತ್ತದೆ. ನೆಲಕ್ಕೆ ಚೆಲ್ಲಿದ ಕೂಲಂಟ್ ಕೂಡಲೇ ತೊಳೆಯಿರಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ನಾಯಿ, ಬೆಕ್ಕು ನೆಕ್ಕಿದರೆ ಪ್ರಾಣಕ್ಕೇ ಅಪಾಯ.

ಬೇರೆ ಎಂಜಿನ್ ಇರುವವರು ಇದನ್ನೇ ನಕಲು ಮಾಡಬೇಡಿ. ಟೊಯೊಟಾದ ಹಳೆಯ 22ಆರ್‌ಇ ಎಂಜಿನ್‌ನಲ್ಲಿ, ತಣ್ಣಗಿರುವಾಗ ಹೆಚ್ಚುವರಿ ಗಾಳಿ ಬಿಡುವ, ಥ್ರಾಟಲ್ ಬಾಡಿಯ ಕೆಳಗಿನ ಮೇಣದ ವಾಲ್ವ್ ಕೂಲಂಟ್‌ನ ಬಿಸಿಯಿಂದಲೇ ಮುಚ್ಚಿಕೊಳ್ಳುತ್ತದೆ. ಬಿಸಿ ತಲುಪದಿದ್ದರೆ ಎಂಜಿನ್ ಕಾದ ಮೇಲೂ ಐಡ್ಲಿಂಗ್ ಎತ್ತರದಲ್ಲೇ ನಿಲ್ಲುತ್ತದೆ. ಡೀಸೆಲ್ ಟ್ರಕ್‌ನಲ್ಲಿ ಇನ್‌ಟೇಕ್ ಪಕ್ಕ ಕಾಣುವ ಕೂಲಂಟ್ ಹೋಸ್ ಎಕ್ಸಾಸ್ಟ್ ಹೊಗೆಯ ಒಂದು ಪಾಲನ್ನು ತಣಿಸಿ ಎಂಜಿನ್‌ಗೆ ಮರಳಿಸುವ ಇಜಿಆರ್ ಕೂಲರ್‌ನದ್ದಾಗಿರಬಹುದು. ಹಾಗಿದ್ದರೆ ಅದಕ್ಕೆ ಕೈ ಹಚ್ಚಲೇಬೇಡಿ: ಅದರೊಳಗೆ ಹಾಯುವುದು ನೂರಾರು ಡಿಗ್ರಿಯ ಹೊಗೆ, ಕೂಲಂಟ್ ನಿಂತರೆ ಕೂಲರ್ ಬಿರುಕು ಬಿಡುತ್ತದೆ.