ಹೊಸ ಪ್ರೋಗ್ರೆಸಿವ್ ಹೌಸ್, ಟ್ರಾನ್ಸ್ ಟ್ರ್ಯಾಕ್‌ಗಳು ಹಳೆಯವುಗಳಷ್ಟು ಚೆನ್ನಾಗಿವೆಯೇ? ಡಿಜೆಗಳು ಏನು ಹೇಳುತ್ತೀರಿ?

ಕಾಲೇಜು ದಿನಗಳಲ್ಲಿ ಅಣ್ಣನ ಹಾರ್ಡ್‌ಡಿಸ್ಕ್‌ನಿಂದ ಕೇಳಿದ ಟ್ರಾನ್ಸ್ ಮೈ ನವಿರೇಳಿಸುತ್ತಿತ್ತು, ಈಗ ಬರುವ ಟ್ರ್ಯಾಕ್‌ಗಳನ್ನು ಎರಡನೇ ಸಲ ಕೇಳಬೇಕು ಅನ್ನಿಸುವುದಿಲ್ಲ ಎಂದು ಬರೆದಿದ್ದೀರಿ. ಇದು ನಿಮ್ಮ ವಯಸ್ಸಿನದೋ ಸಂಗೀತದ್ದೋ ಎಂದೂ ಕೇಳಿದ್ದೀರಿ. ನಾನು 14 ವರ್ಷದಿಂದ ಬೆಂಗಳೂರಿನಲ್ಲಿ ಡಿಜೆ. ಹೆಚ್ಚಾಗಿ ವಾರ್ಮಪ್ ಸೆಟ್ ನುಡಿಸುವವನು, ಅಂದರೆ ಮುಖ್ಯ ಡಿಜೆ ಬರುವ ಮೊದಲಿನ ಎರಡು ಗಂಟೆ ನನ್ನದು. ನಿಮ್ಮ ಪ್ರಶ್ನೆ ಪ್ರತಿ ವಾರ ನನ್ನ ತಲೆಯಲ್ಲೂ ತಿರುಗುತ್ತಿರುತ್ತದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ. ಹೊಸಬರಿಗೆ ಒಂದು ಮಾತು: ಎರಡೂ ಕ್ಲಬ್‌ಗಳಲ್ಲಿ ಕುಣಿಸುವ ಎಲೆಕ್ಟ್ರಾನಿಕ್ ಸಂಗೀತದ ಪ್ರಕಾರಗಳು, ಪ್ರೋಗ್ರೆಸಿವ್ ಹೌಸ್ ನಿಧಾನಕ್ಕೆ ಬೆಳೆಯುತ್ತದೆ, ಟ್ರಾನ್ಸ್ ಇನ್ನಷ್ಟು ವೇಗವಾಗಿ, ರಾಗ ತುಂಬಿ ಏರುತ್ತದೆ.

ತಯಾರಿಕೆಯ ಮಟ್ಟ ನೋಡಿದರೆ ಹೊಸ ಟ್ರ್ಯಾಕ್‌ಗಳೇ ಮೇಲು. ಕಿಕ್ ಡ್ರಮ್ಮಿನ ಗುದ್ದು ತುಂಬಿಕೊಂಡಿರುತ್ತದೆ, ಬೇಸ್ ಕಲಸಿಕೊಳ್ಳುವುದಿಲ್ಲ, ಯಾರೋ ತಮ್ಮ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಮಾಡಿದ್ದೂ ದೊಡ್ಡ ಸ್ಟುಡಿಯೋದಿಂದ ಬಂದಂತೆ ಕೇಳುತ್ತದೆ. ಕಡಿಮೆಯಾಗಿರುವುದು ತಾಳ್ಮೆ. ನಿಮಗೆ ಎರಡನೇ ಸಲ ಕೇಳಬೇಕು ಅನ್ನಿಸದೇ ಇರುವುದಕ್ಕೆ ಕಾರಣ ಅದೇ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಹೊಸ ಬಿಡುಗಡೆಗಳು ಹೆಚ್ಚಾಗಿ ಶುಕ್ರವಾರ ಬರುತ್ತವೆ. ಮಧ್ಯಾಹ್ನ ಊಟ ಮುಗಿಸಿ, ಫ್ಯಾನ್ ಆರಿಸಿ (ಅದರ ಸದ್ದಿನಲ್ಲಿ ಹೈಹ್ಯಾಟ್‌ನ ಸಣ್ಣ ತಾಳದ ಸದ್ದು ಸರಿಯಾಗಿ ಕೇಳುವುದಿಲ್ಲ), ಹೆಡ್‌ಫೋನ್ ಹಾಕಿಕೊಂಡು ಡಿಜೆಗಳು ಟ್ರ್ಯಾಕ್ ಕೊಳ್ಳುವ ಬೀಟ್‌ಪೋರ್ಟ್ ಜಾಲತಾಣ ತೆರೆಯುತ್ತೇನೆ. ಮೊದಲು ಕೇಳುವುದು ಟ್ರ್ಯಾಕ್‌ನ ಮೊದಲ ನಿಮಿಷ, ಆಮೇಲೆ ಕೊನೆಯ ನಿಮಿಷ. ನಡುವಿನ ರಾಗ, ಬ್ರೇಕ್‌ಡೌನ್ (ತಾಳ ನಿಂತು ಹಗುರಾಗುವ ಭಾಗ), ಡ್ರಾಪ್ (ತಾಳ ಮತ್ತೆ ಪೂರ್ತಿ ಬಲದಲ್ಲಿ ಬೀಳುವ ಕ್ಷಣ) ಎಲ್ಲ ಅದರ ನಂತರ. ಮನೆಯಲ್ಲಿ ಕೇಳುವವರಿಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ನಮ್ಮ ಕೆಲಸ ನಡೆಯುವುದು ಆ ಎರಡು ಅಂಚುಗಳಲ್ಲೇ.

ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 122 ಬಿಪಿಎಂ, ಅಂದರೆ ನಿಮಿಷಕ್ಕೆ 122 ಬೀಟಿನ ವೇಗದಲ್ಲಿ 32 ಬೀಟಿನ ಒಂದು ಸುತ್ತಿಗೆ ಸುಮಾರು 16 ಸೆಕೆಂಡ್ ಬೇಕು. ಒಂದು ನಿಮಿಷದ ಇಂಟ್ರೋ, ಅಂದರೆ ಆರಂಭದ ತಾಳದ ಭಾಗ, ಎಂದರೆ ಅಂಥ ನಾಲ್ಕು ಸುತ್ತು. ಮೊದಲ ಸುತ್ತಿನಲ್ಲಿ ಹೊಸ ಟ್ರ್ಯಾಕ್‌ನ ಹೈಹ್ಯಾಟ್ ಮಾತ್ರ ಒಳಗೆ ಬಿಡುತ್ತೇನೆ, ಅದರ ಬೇಸ್ ನಾಬ್ ಪೂರ್ತಿ ಎಡಕ್ಕೆ ತಿರುಗಿಸಿರುತ್ತೇನೆ. ಎರಡನೆಯದರಲ್ಲಿ ತಾಳವಾದ್ಯಗಳು ನಿಧಾನಕ್ಕೆ ಬೆರೆಯುತ್ತವೆ. ಮೂರನೆಯದು ಮುಗಿಯುವಾಗ ಎರಡೂ ಕೈ ಎರಡು ನಾಬ್ ಮೇಲಿರುತ್ತವೆ, ಉಸಿರು ಬಿಗಿಹಿಡಿದಿರುತ್ತೇನೆ. ನಾಲ್ಕನೇ ಸುತ್ತಿನ ಮೊದಲ ಬೀಟಿಗೆ ಹಳೆಯದರ ಬೇಸ್ ಹೊರಗೆ, ಹೊಸದರ ಬೇಸ್ ಒಳಗೆ. ಕುಣಿಯುತ್ತಿರುವವರಿಗೆ ಹಾಡು ಬದಲಾಗಿದ್ದು ಗೊತ್ತಾಗುವುದಿಲ್ಲ. ಕಾಲಿನ ಕೆಳಗಿನ ನೆಲ ಮಾತ್ರ ಒಂದು ಇಂಚು ಸರಿದಂತಿರುತ್ತದೆ. ಪ್ರೋಗ್ರೆಸಿವ್ ಹೌಸ್‌ನ ಅರ್ಧ ಸೊಗಸು ಆ ಸರಿಯುವಿಕೆಯಲ್ಲೇ ಇದೆ.

ಈಗ ಅನೇಕ ಟ್ರ್ಯಾಕ್‌ಗಳು ಮೂರು ನಿಮಿಷದೊಳಗೆ ಮುಗಿಯುತ್ತವೆ. ಫೋನಿನಲ್ಲಿ ಕೇಳುವವರು ಮೊದಲ ಕೆಲವು ಸೆಕೆಂಡಿನಲ್ಲೇ ಮುಂದಕ್ಕೆ ಹಾರಿಸುತ್ತಾರೆ ಎಂಬ ಭಯಕ್ಕೆ ರಾಗವನ್ನು ಬಾಗಿಲಲ್ಲೇ ತಂದಿಟ್ಟಿರುತ್ತಾರೆ. ಒಮ್ಮೆ ಅಂಥ ಒಂದು ಟ್ರ್ಯಾಕ್ ತುಂಬಾ ಹಿಡಿಸಿತ್ತು. ಉದ್ದನೆಯ ಆವೃತ್ತಿ ಸಿಗಲಿಲ್ಲ, ಇದ್ದದ್ದನ್ನೇ ತೆಗೆದುಕೊಂಡು ಇಂದಿರಾನಗರದ ಒಂದು ರೂಫ್‌ಟಾಪ್‌ನಲ್ಲಿ ನುಡಿಸಿದೆ. ಮುಂದಿನದನ್ನು ಇನ್ನೂ ಸಿದ್ಧ ಮಾಡುತ್ತಿದ್ದೆ, ಗಾಯಕಿಯ ಕೊನೆಯ ಸಾಲಿನ ಜೊತೆಗೇ ಟ್ರ್ಯಾಕ್ ನಿಂತುಬಿಟ್ಟಿತು. ನಾಲ್ಕೈದು ಸೆಕೆಂಡ್ ಮೌನ. ಮುಂದೆ ಕಣ್ಣುಮುಚ್ಚಿ ಕುಣಿಯುತ್ತಿದ್ದ ಹುಡುಗಿ ಕಣ್ಣು ಬಿಟ್ಟು ನನ್ನತ್ತ ನೋಡಿದಳು, ಆಮೇಲೆ ಬ್ಯಾಗ್ ಎತ್ತಿಕೊಂಡು ಮೇಜಿನ ಕಡೆ ಹೋದಳು. ಅವಳು ಆ ರಾತ್ರಿ ಮತ್ತೆ ಕುಣಿಯಲಿಲ್ಲ. ಅಂದಿನಿಂದ ಎಕ್ಸ್‌ಟೆಂಡೆಡ್ ಮಿಕ್ಸ್ (ಉದ್ದನೆಯ ಆವೃತ್ತಿ) ಇಲ್ಲದ ಟ್ರ್ಯಾಕನ್ನು ಎಷ್ಟೇ ಇಷ್ಟವಾದರೂ ಕೊಳ್ಳುವುದಿಲ್ಲ.

ನಮ್ಮದು ಕುಂದಾಪುರದ ಕಡೆ. ಅಜ್ಜನ ಪಕ್ಕ ಕೂತು ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿ ಬೆಳೆದವನು ನಾನು. ಅಲ್ಲಿ ಮೊದಲ ಹೊತ್ತಿಗೆ ಎರಡನೇ ಭಾಗವತರು ಹಾಡುತ್ತಾರೆ, ಮುಖ್ಯ ಭಾಗವತರು ರಾತ್ರಿ ಏರಿದ ಮೇಲೆ ತಾಳ ಹಿಡಿಯುತ್ತಾರೆ. ಮೊದಲಿನವರು ಎಲ್ಲಾ ಶಕ್ತಿಯನ್ನೂ ಆಗಲೇ ಸುರಿದುಬಿಟ್ಟರೆ ಆಮೇಲಿನವರಿಗೆ ಏರಲು ಮೆಟ್ಟಿಲೇ ಉಳಿಯುವುದಿಲ್ಲ. ವಾರ್ಮಪ್ ಡಿಜೆಯ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಕಲಿಸಲಿಲ್ಲ. ಈಗ ಊರಲ್ಲೂ ಕಾಲಮಿತಿ ಯಕ್ಷಗಾನ ಬಂದಿದೆ, ಸಂಜೆ ಶುರುವಾದದ್ದು ನಡುರಾತ್ರಿಗೆ ಮುಗಿಯುತ್ತದೆ. ಮರುದಿನ ಕೆಲಸಕ್ಕೆ ಹೋಗುವವರಿಗೆ ಅನುಕೂಲವೇ, ಒಪ್ಪುತ್ತೇನೆ. ಆದರೆ ಸಮಯ ಸಾಲದಾಗ ಕತ್ತರಿ ಬೀಳುವುದು ಒಡ್ಡೋಲಗದ ಮೇಲೆ. ಪಾತ್ರ ಪರದೆಯ ಹಿಂದಿನಿಂದ ನಿಧಾನಕ್ಕೆ ಮೂಡುವ ಆ ಹೊತ್ತು ಮೊಟಕಾಗುತ್ತದೆ. ಹೊಸ ಟ್ರ್ಯಾಕ್‌ಗಳಲ್ಲಿ ಕತ್ತರಿಗೆ ಸಿಕ್ಕಿರುವುದೂ ಒಡ್ಡೋಲಗವೇ. ಬೆಂಗಳೂರಿನಲ್ಲಿ ಒಂದು ಗಂಟೆಗೆ ಬಾಗಿಲು ಹಾಕಬೇಕು, ಜನ ಬಂದು ಸೇರುವುದು ಹತ್ತರ ಮೇಲೆ. ನಮ್ಮ ಸೆಟ್‌ಗಳೂ ಕಾಲಮಿತಿಯವೇ ಆಗಿವೆ.

ಟ್ರಾನ್ಸ್ ವಿಷಯಕ್ಕೆ ಬರುತ್ತೇನೆ, ಇಲ್ಲಿ ನನಗೆ ಒಳ್ಳೆಯ ಸುದ್ದಿಯೇ ಹೆಚ್ಚು. ನಿಮ್ಮ ಅಣ್ಣನ ಹಾರ್ಡ್‌ಡಿಸ್ಕ್‌ನಲ್ಲಿ ಇದ್ದದ್ದು ಬಹುಶಃ 1999ರ ಆಸುಪಾಸಿನ ಧ್ವನಿ. ರೋಲ್ಯಾಂಡ್ ಕಂಪನಿಯ ಜೆಪಿ-8000 ಎಂಬ ಸಿಂಥ್‌ನಲ್ಲಿ (ಎಲೆಕ್ಟ್ರಾನಿಕ್ ಕೀಲಿವಾದ್ಯ) ಸೂಪರ್‌ಸಾ ಎಂಬ ಸ್ವರ ಇತ್ತು: ಒಂದೇ ಕೀಲಿ ಒತ್ತಿದರೆ ಏಳು ಅಲೆಗಳು, ಒಂದಕ್ಕೊಂದು ಕೂದಲೆಳೆಯಷ್ಟು ಶ್ರುತಿ ತಪ್ಪಿ ಒಟ್ಟಿಗೆ ಮೊಳಗುತ್ತವೆ. ಅಷ್ಟು ಅಗಲವಾದ ಆ ಧ್ವನಿಗೆ ಕಾರಣ ಆ ಸಣ್ಣ ತಪ್ಪೇ. ಹತ್ತು ಹದಿನೈದು ವರ್ಷ ಎಲ್ಲರೂ ಅದನ್ನೇ ನುಡಿಸಿ ನುಡಿಸಿ ಸವೆಸಿದರು. ಆಮೇಲೆ ಒಂದಷ್ಟು ಕಾಲ ಟೆಕ್ನೋ (ರಾಗಕ್ಕಿಂತ ಗಡುಸು ತಾಳವೇ ಮುಖ್ಯವಾದ ಪ್ರಕಾರ) ನುಡಿಸುವ ಡಿಜೆಗಳಿಗೆ ಟ್ರಾನ್ಸ್ ಎಂದು ಹೇಳಿಕೊಳ್ಳುವುದೇ ಮುಜುಗರ.

ಆ ಮುಜುಗರ ಈಗ ಹೋಗಿದೆ. "ಏಜ್ ಆಫ್ ಲವ್" ಎಂಬ ಟ್ರ್ಯಾಕನ್ನೇ ನೋಡಿ. ಮೂಲ ಬಂದದ್ದು 1990ರಲ್ಲಿ. ಜನ ಇಂದಿಗೂ ನೆನೆಯುವ ರೂಪ ಕೊಟ್ಟದ್ದು 1992ರಲ್ಲಿ ಜರ್ಮನಿಯ ಜ್ಯಾಮ್ ಆ್ಯಂಡ್ ಸ್ಪೂನ್. 2021ರಲ್ಲಿ ಷಾರ್ಲಟ್ ಡಿ ವಿಟ್ಟೆ ಮತ್ತು ಎನ್ರಿಕೊ ಸ್ಯಾಂಜುಲಿಯಾನೊ ಅದಕ್ಕೆ ಟೆಕ್ನೋದ ಗಟ್ಟಿ ಕಿಕ್ ಹಾಕಿ ಮರಳಿ ತಂದರು. ಮೂರನ್ನೂ ಒಂದೇ ರಾತ್ರಿ ನುಡಿಸಿ ನೋಡಿದ್ದೇನೆ. ಮೂಲ ಬಂದಾಗ ಹುಟ್ಟಿರದ ಹುಡುಗರು ಮೂರಕ್ಕೂ ಕೈ ಎತ್ತುತ್ತಾರೆ. ಬರ್ಲಿನ್‌ನ ಮಾರ್ಲನ್ ಹಾಫ್‌ಸ್ಟಾಟ್, ಆಮ್ಸ್ಟರ್‌ಡ್ಯಾಮ್‌ನ ಕಿಕಿ ಇವರೆಲ್ಲ ತೊಂಬತ್ತರ ದಶಕದ ಟ್ರಾನ್ಸನ್ನು ನಗುಮುಖದಿಂದ ನುಡಿಸುತ್ತಿದ್ದಾರೆ. ಹಾಫ್‌ಸ್ಟಾಟ್‌ನ "ಇಟ್ಸ್ ದಟ್ ಟೈಮ್" ಮೊದಲ ಸಲ ಕೇಳಿದಾಗ ಕುರ್ಚಿಯಲ್ಲೇ ಕುಣಿದಿದ್ದೆ, ಅಷ್ಟು ನಿರಾಳವಾದ ಸಂತೋಷ ಅದರಲ್ಲಿದೆ. ನನ್ನ ತಕರಾರು ವೇಗದ ಬಗ್ಗೆ. ಈ ಧಾಟಿಯ ಅನೇಕ ಹೊಸ ಟ್ರ್ಯಾಕ್‌ಗಳು 145 ಬಿಪಿಎಂ ದಾಟುತ್ತವೆ. ಅಷ್ಟು ವೇಗದಲ್ಲಿ ಉದ್ದನೆಯ ರಾಗ ಬಿಡಿಸಿಕೊಳ್ಳುವುದಕ್ಕೆ ಜಾಗವೇ ಇರುವುದಿಲ್ಲ, ತುಂಡು ತುಂಡಾಗಿ ಹಾರಿಹೋಗುತ್ತದೆ. 134ರಿಂದ 138ರೊಳಗೆ ಕಾಲಿಗೂ ಕೆಲಸ ಸಿಗುತ್ತದೆ, ಎದೆಗೂ ಸಿಗುತ್ತದೆ. ಅಲ್ಲಿಗೆ ಇಳಿದು ಬರೆಯುವವರು ಹೆಚ್ಚಬೇಕು ಎಂದು ನನ್ನ ಆಸೆ.

ಮೆಲೊಡಿಕ್ ಟೆಕ್ನೋ, ಅಂದರೆ ರಾಗ ಬೆರೆಸಿದ ಟೆಕ್ನೋ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ಇಂದು ಪ್ರೋಗ್ರೆಸಿವ್ ಎಂದು ಕೇಳಿ ಬರುವ ಹೆಚ್ಚಿನವರು ಅದನ್ನೇ ಕೇಳುತ್ತಿರುತ್ತಾರೆ. ಬೀಟ್‌ಪೋರ್ಟ್ 2018ರಲ್ಲಿ ಅದಕ್ಕೆ ಬೇರೆ ವಿಭಾಗವನ್ನೇ ಮಾಡಿತು. ಆನಿಮಾ ಮತ್ತು ಕ್ರಿಸ್ ಅವಾಂಟ್‌ಗಾರ್ಡ್ ಅವರ "ಕಾನ್ಷಿಯಸ್‌ನೆಸ್" 2022ರಲ್ಲಿ ಬಂದಾಗ ನನಗೆ ನಿಜಕ್ಕೂ ರೋಮಾಂಚನವಾಗಿತ್ತು. ಆ ಗುಡುಗುವ ಬೇಸ್‌ಲೈನ್ ಹೊಸದು. ಮುಂದೆ ಆನಿಮಾ ಲಾಸ್ ವೇಗಸ್‌ನ ಸ್ಫಿಯರ್ ಎಂಬ ಗೋಳಾಕಾರದ ಸಭಾಂಗಣದವರೆಗೂ ಹೋದರು. 2024ರ ಕೊನೆಯಲ್ಲಿ ಶುರುವಾದ ಆ ಪ್ರದರ್ಶನಗಳಲ್ಲಿ ದೈತ್ಯ ಪರದೆಯ ಮೇಲಿನ ಆಕೃತಿಗಳನ್ನು ನೀವೂ ಫೋನಿನಲ್ಲಿ ನೋಡಿರುತ್ತೀರಿ. ತೊಂದರೆ ಅದರ ಹಿಂದೆ ಬಂದವರದ್ದು. ಅದೇ ಗುಡುಗು, ಅದೇ ಪಿಸುಮಾತಿನ ಹೆಣ್ಣುದನಿ, ಅದೇ ಜಾಗದಲ್ಲಿ ನಿಲುಗಡೆ. ಒಂದೊಂದೂ ರಾತ್ರಿಯ ಶಿಖರ ನಾನೇ ಎನ್ನುತ್ತದೆ. ಸಾಲಾಗಿ ಮೂರು ನುಡಿಸಿದರೆ ಜನ ದಣಿಯುತ್ತಾರೆ, ನಾಲ್ಕನೆಯದಕ್ಕೆ ಫೋನ್ ಎತ್ತುತ್ತಾರೆ. ಮಾಡಲು ಬೇರೇನೂ ಉಳಿದಿರುವುದಿಲ್ಲ, ಪಾಪ.

ಹಾಡು ಇರುವ ಟ್ರಾನ್ಸ್ ನಿಮಗಿಷ್ಟ ಎಂದಿದ್ದೀರಿ. ಅಬವ್ ಆ್ಯಂಡ್ ಬಿಯಾಂಡ್ ಎಂಬ ಬ್ರಿಟಿಷ್ ತಂಡ 2025ರಲ್ಲಿ ತಂದ "ಬಿಗರ್ ದ್ಯಾನ್ ಆಲ್ ಆಫ್ ಅಸ್" ಕೇಳಿ. 2018ರ ನಂತರ ಅವರು ಮಾಡಿದ ಮೊದಲ ಕುಣಿತದ ಆಲ್ಬಂ. ಅವರ ಲೇಬಲ್ (ಸಂಗೀತ ಬಿಡುಗಡೆ ಮಾಡುವ ಸಂಸ್ಥೆ) ಅಂಜುನಾಬೀಟ್ಸ್‌ಗೆ ಆ ಹೆಸರು ಬಂದದ್ದು ಗೋವಾದ ಅಂಜುನಾ ಕಡಲ ತೀರದಿಂದ, ನಮ್ಮ ಕಾರವಾರ ದಾಟಿದರೆ ಸಿಗುವ ಊರು. ಆಲ್ಬಂನ ಎಲ್ಲವೂ ನನ್ನ ಸೆಟ್‌ಗೆ ಹೊಂದುವುದಿಲ್ಲ, ಕೆಲವು ಮನೆಯಲ್ಲಿ ಕೇಳುವುದಕ್ಕೇ ಚೆನ್ನ. ಆದರೆ ಮಾತು ಮತ್ತು ರಾಗ ಒಂದನ್ನೊಂದು ಹೊತ್ತು ನಡೆಯುವಂತೆ ಬರೆಯುವುದು ಅವರಿಗೆ ಗೊತ್ತು, ಈ ಕೈಚಳಕ ಬಹಳ ಜನಕ್ಕಿಲ್ಲ. ಬೆನ್ ಬೋಮರ್ ಅವರ 2024ರ "ಬ್ಲೂಮ್" ಕೂಡ ಹೀಗೆಯೇ ಕ್ಲಬ್‌ನಿಂದ ಮನೆಯ ಕಡೆ ಹೊರಳಿದೆ. ನನಗೆ ಅವರ ಹಿಂದಿನ ಉದ್ದನೆಯ ಟ್ರ್ಯಾಕ್‌ಗಳೇ ಹೆಚ್ಚು ಬೇಕು.

ತಾಳ್ಮೆ ಇನ್ನೂ ಉಳಿದಿರುವ ಜಾಗ ಅರ್ಜೆಂಟೀನಾ. ಬ್ಯೂನಸ್ ಐರಿಸ್‌ನ ಹರ್ನಾನ್ ಕಟಾನಿಯೊ ಇಂದಿಗೂ ಗಂಟೆಗಟ್ಟಲೆ ಒಬ್ಬರೇ ನುಡಿಸುತ್ತಾರೆ. ಅವರ ಸಡ್‌ಬೀಟ್ ಲೇಬಲ್‌ನಲ್ಲಿ ಬರುವುದನ್ನು ನಾನು ಕಣ್ಣುಮುಚ್ಚಿ ಕೇಳಲು ಶುರುಮಾಡುತ್ತೇನೆ. ಎಜೆಕಿಯೆಲ್ ಅರಿಯಾಸ್, ಕೊಲಂಬಿಯಾದ ಕಮಿಲೊ ಸ್ಯಾಂಕ್ಲೆಮೆಂಟೆ, ಇಸ್ರೇಲ್ ಮೂಲದ ಗೈ ಜೆ ಇವರ ಟ್ರ್ಯಾಕ್‌ಗಳು ಈಗಲೂ ಏಳೆಂಟು ನಿಮಿಷ. ಎದ್ದು ಕಾಣುವ ಡ್ರಾಪ್ ಇರುವುದಿಲ್ಲ. ಮೂರನೇ ನಿಮಿಷದಲ್ಲಿ ಒಂದು ಪ್ಯಾಡ್ (ಹಿನ್ನೆಲೆಯಲ್ಲಿ ಉದ್ದಕ್ಕೆ ಹರಡುವ ಮೃದು ಸ್ವರ) ಒಳಗೆ ಬಂದಿರುತ್ತದೆ, ಅದು ಬಂದದ್ದು ನಿಮಗೆ ಗೊತ್ತಾಗುವುದು ಐದನೇ ನಿಮಿಷದಲ್ಲಿ ಅದು ಹೋದಾಗ. ಬೆಂಗಳೂರಿನಲ್ಲಿ ಒಂಬತ್ತೂವರೆಗೆ ಅರ್ಧ ಖಾಲಿ ಇರುವ ಜಾಗದಲ್ಲಿ ಇವನ್ನು ನುಡಿಸಿದರೆ, ಮೇಜಿನ ಬಳಿ ನಿಂತು ಮಾತಾಡುತ್ತಿರುವವರ ಹಿಮ್ಮಡಿ ತಂತಾನೇ ತಾಳ ಹಾಕಲು ಶುರುವಾಗುತ್ತದೆ. ಮಾತು ನಿಂತಿರುವುದಿಲ್ಲ, ಹಿಮ್ಮಡಿ ಮಾತ್ರ. ನಾನು ಕಾಯುವುದು ಅದಕ್ಕೆ.

ಉದ್ದ ಇದ್ದ ಮಾತ್ರಕ್ಕೆ ಒಳ್ಳೆಯದು ಎನ್ನಲಾರೆ, ಎಂಟು ನಿಮಿಷ ಏನೂ ಆಗದ ಟ್ರ್ಯಾಕ್‌ಗಳನ್ನೂ ವಾರಕ್ಕೆ ಹತ್ತಾರು ಕೇಳಿ ಪಕ್ಕಕ್ಕಿಡುತ್ತೇನೆ. ಕಾಯಿಸಿದ್ದಕ್ಕೆ ಏನಾದರೂ ಕೊಡಬೇಕು. ಎರಿಕ್ ಪ್ರಿಡ್ಜ್ ಅವರ 2015ರ "ಓಪಸ್" ಕೇಳಿದರೆ ಗೊತ್ತಾಗುತ್ತದೆ. ಮೊದಲಿಗೆ ಸ್ವರಗಳು ದೂರ ದೂರ ಬೀಳುತ್ತವೆ, ನಲ್ಲಿಯ ಹನಿಯ ಹಾಗೆ. ನಂತರ ಹತ್ತಿರವಾಗುತ್ತಾ, ಇನ್ನೂ ಹತ್ತಿರವಾಗುತ್ತಾ, ನಿಮಿಷಗಟ್ಟಲೆ ಆದ ಮೇಲೆ ಪೂರ್ತಿ ವೇಗಕ್ಕೆ ಬಂದು ಕೂಡುತ್ತವೆ. ಅಷ್ಟು ಹೊತ್ತಿಗೆ ನಿಮ್ಮ ದೇಹವೇ ಅದನ್ನು ಕೇಳಿಕೊಳ್ಳುತ್ತಿರುತ್ತದೆ. ಡೆಡ್‌ಮೌಸ್ ಅವರ 2009ರ "ಸ್ಟ್ರೋಬ್" ಹತ್ತು ನಿಮಿಷ ಮೀರುತ್ತದೆ, ಅದರಲ್ಲೂ ಒಂದು ನಿಮಿಷ ತೆಗೆದರೆ ಉಳಿದದ್ದು ಕುಸಿಯುತ್ತದೆ.

ನೀವು ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಸ್ಟ್ರೀಮಿಂಗ್‌ನಲ್ಲಿ ಹೊಸ ಟ್ರ್ಯಾಕ್ ಸಿಕ್ಕಾಗ ಅದರ ಹೆಸರಿನ ಮುಂದೆ ಎಕ್ಸ್‌ಟೆಂಡೆಡ್ ಮಿಕ್ಸ್ ಎಂದು ಸೇರಿಸಿ ಹುಡುಕಿ. ಅನೇಕ ಸಲ ಅದೂ ಅಲ್ಲೇ ಇರುತ್ತದೆ, ಪಟ್ಟಿಯಲ್ಲಿ ಕೆಳಗೆ. ಫೋನ್ ದೂರ ಇಟ್ಟು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳಿ. ಸಪ್ಪೆ ಅಂದುಕೊಂಡ ಕೆಲವು ಟ್ರ್ಯಾಕ್‌ಗಳ ಬಗ್ಗೆ ನಾನೇ ಹೀಗೆ ಮನಸ್ಸು ಬದಲಾಯಿಸಿದ್ದೇನೆ.

ಈ ಶುಕ್ರವಾರ ಅರವತ್ತರ ಹತ್ತಿರ ಕೇಳಿದೆ, ಚೀಲಕ್ಕೆ ಹಾಕಿಕೊಂಡದ್ದು ಐದು. ಅದರಲ್ಲೊಂದು ಎಂಟು ನಿಮಿಷದ್ದು, 120 ಬಿಪಿಎಂ, ಎ ಮೈನರ್. ಮೊದಲ ನಿಮಿಷವಿಡೀ ಬರೀ ಒಂದು ಕೊಂಕು ಲಯದ ಶೇಕರ್ (ಗಿಲಕಿಯಂಥ ತಾಳವಾದ್ಯ) ಮತ್ತು ದೂರದಲ್ಲಿ ಎಲ್ಲೋ ಒಂದು ಗಂಟೆಯಂಥ ಸ್ವರ. ಶನಿವಾರ ಒಂಬತ್ತೂವರೆಗೆ ಅದರಿಂದಲೇ ಶುರು ಮಾಡುತ್ತೇನೆ.