ಓದುಗರ ಪ್ರಶ್ನೆ: ಜಾತ್ರೆಗೆ ಆನೆ ಕರೆಸುವಾಗ

ಪ್ರಶ್ನೆ: ನಮ್ಮೂರ ದೇವಸ್ಥಾನದ ರಥೋತ್ಸವಕ್ಕೆ ಕೇರಳದಿಂದ ಆನೆ ತರಿಸುವ ಮಾತು ಕಮಿಟಿಯಲ್ಲಿ ನಡೆದಿದೆ. ಏನೇನು ನೋಡಿಕೊಳ್ಳಬೇಕು?
– ಓದುಗರೊಬ್ಬರು, ಶಿರಸಿ ತಾಲೂಕು

ಉತ್ತರ: ಮುಂಗಡ ಕೊಡುವ ಮೊದಲು ಕಾಗದಪತ್ರ ನೋಡಿ. ಆನೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ, ಅಂದರೆ ಅತಿ ಹೆಚ್ಚಿನ ರಕ್ಷಣೆಯಿರುವ ಪ್ರಾಣಿಗಳ ಪಟ್ಟಿಗೆ, ಸೇರಿದ ಪ್ರಾಣಿ. ಮಾಲೀಕತ್ವದ ಪ್ರಮಾಣಪತ್ರ, ಮೈಕ್ರೋಚಿಪ್ ಸಂಖ್ಯೆ, ಪಶುವೈದ್ಯರ ಆರೋಗ್ಯಪತ್ರ, ಸಾಗಾಟದ ಅನುಮತಿ, ಇವುಗಳಲ್ಲಿ ಒಂದಿಲ್ಲದಿದ್ದರೂ ಆ ಆನೆ ಬೇಡ. ಅರಣ್ಯ ಇಲಾಖೆಯ ಕಚೇರಿಗೆ ತಿಂಗಳುಗಟ್ಟಲೆ ಮೊದಲೇ ಹೋಗಿ ಬನ್ನಿ.

ಲಾರಿಯಲ್ಲಿ ದೇವಿಮನೆ ಘಾಟಿ ಹತ್ತಿ ಬರುವ ಆನೆ ಪ್ರತಿ ತಿರುವಿನಲ್ಲೂ ಕಾಲು ಬಿಗಿಹಿಡಿದೇ ನಿಂತಿರುತ್ತದೆ. ಬಂದ ದಿನವೇ ಮೆರವಣಿಗೆಗೆ ನಿಲ್ಲಿಸಬಾರದು. ಒಂದು ರಾತ್ರಿಯಾದರೂ ಮರದ ನೆರಳಿರುವ ಮಣ್ಣಿನ ನೆಲದಲ್ಲಿ ಬಿಡಿ. ದಿನಕ್ಕೆ 150ರಿಂದ 200 ಲೀಟರ್ ಕುಡಿಯುವ ನೀರು ಬೇಕು, ಮೈ ತೊಳೆಯುವ ನೀರು ಬೇರೆ. ಬೈನೆ ಸೊಪ್ಪು, ಆಲದ ಸೊಪ್ಪು, ಹಸಿಹುಲ್ಲು ಸೇರಿ ಒಂದೂವರೆ ಕ್ವಿಂಟಲ್‌ಗೆ ಕಮ್ಮಿ ಮಾಡಬೇಡಿ. ಹರಕೆಯೆಂದು ಜನ ಕೊಡುವ ಬಾಳೆಹಣ್ಣು, ಬೆಲ್ಲ ಮಾವುತನ ಕೈಯಿಂದಲೇ ಹೋಗಲಿ. ಪ್ಲಾಸ್ಟಿಕ್ ಕೊಟ್ಟೆ ಸಮೇತ ನುಂಗಿದರೆ ಕರುಳು ಕಟ್ಟಿಕೊಂಡು ಆನೆ ಸಾಯಲೂಬಹುದು.

ಹೆಚ್ಚು ಎಡವಟ್ಟಾಗುವುದು ಹೊತ್ತಿನ ವಿಷಯದಲ್ಲಿ. ಆನೆಗೆ ನಮ್ಮಂತೆ ಬೆವರುವುದಿಲ್ಲ, ಕಿವಿ ಬೀಸಿಯೇ ಮೈ ತಂಪು ಮಾಡಿಕೊಳ್ಳಬೇಕು. ಫಾಲ್ಗುಣದ ಬಿಸಿಲಿಗೆ ಕಾದ ಡಾಂಬರು ಅಂಗಾಲು ಸುಡುತ್ತದೆ. ಬರಿಗಾಲಲ್ಲಿ ನಿಂತು ನೋಡಿ: ನಿಮಗೆ ತಾಳದ ರಸ್ತೆಗೆ ಆನೆಯನ್ನು ಇಳಿಸಬೇಡಿ. ಕೇರಳದಲ್ಲೇ ಬೆಳಿಗ್ಗೆ 11ರಿಂದ ಮಧ್ಯಾಹ್ನ 3.30ರವರೆಗೆ ಮೆರವಣಿಗೆ ಸಲ್ಲದೆಂಬ ನಿಯಮವಿದೆ. ಮುಹೂರ್ತ ಕೇಳುವಾಗ ಪುರೋಹಿತರಿಗೆ ಇದನ್ನೂ ತಿಳಿಸಿ.

ಡೊಳ್ಳು, ಬ್ಯಾಂಡು ಮುಂದೆ ದೂರದಲ್ಲಿರಲಿ. ಬೆನ್ನ ಹಿಂದೆ ಏನಾಗುತ್ತಿದೆಯೆಂದು ಆನೆಗೆ ಕಾಣುವುದಿಲ್ಲ, ಅಲ್ಲಿ ದುರ್ಸು ಸಿಡಿದರೆ ಬೆದರಿ ತಿರುಗುತ್ತದೆ. ಸುತ್ತ 8 ಮೀಟರ್ ಬಿಟ್ಟು ಹಗ್ಗ ಹಿಡಿಯಲು ಸ್ವಯಂಸೇವಕರು ಬೇಕು. ಸೆಲ್ಫಿಗೆ, ಬಾಲ ಮುಟ್ಟಲಿಕ್ಕೆ ಯಾರನ್ನೂ ಒಳಗೆ ಬಿಡಕೂಡದು. ತೇರು ಎಳೆಯುವ ಇಕ್ಕಟ್ಟಾದ ಬೀದಿಯಲ್ಲಿ ಇಷ್ಟು ಜಾಗ ಸಿಗದಿದ್ದರೆ ಆನೆ ಕರೆಸದಿರುವುದೇ ಸರಿ. ಶಿರಸಿಯ ಮಾರಿಕಾಂಬೆ ಜಾತ್ರೆಗೆ, ಗೋಕರ್ಣದ ಶಿವರಾತ್ರಿಗೆ ಜನ ಸೇರುವುದು ತೇರು ನೋಡಲು.

ಪ್ರಶ್ನೆ: ಗಂಡಾನೆಗೆ ಮದ ಬಂದಿದೆಯೆಂದು ಗುರುತಿಸುವುದು ಹೇಗೆ?
– ಹೊನ್ನಾವರದ ಓದುಗರು

ಉತ್ತರ: ಕಣ್ಣು, ಕಿವಿಗಳ ನಡುವೆ ಸಣ್ಣ ರಂಧ್ರವಿದೆ. ಅಲ್ಲಿಂದ ಎಣ್ಣೆಯಂಥ ದ್ರವ ಇಳಿದು ಕೆನ್ನೆಯ ಮೇಲೆ ಕಪ್ಪು ಪಟ್ಟೆ ಮೂಡುತ್ತದೆ. ಮೂತ್ರ ತೊಟ್ಟಿಕ್ಕಿ ಹಿಂಗಾಲಿನ ಒಳಬದಿ ಒದ್ದೆಯಾಗಿರುತ್ತದೆ. ಕೆನ್ನೆ ತೊಳೆದು, ಬಣ್ಣ ಬಳಿದು ತಂದರೂ ಹಿಂಗಾಲು ನೋಡಿದರೆ ತಿಳಿಯುತ್ತದೆ. ಮದ ವಾರಗಟ್ಟಲೆ, ಕೆಲವಕ್ಕೆ ತಿಂಗಳುಗಟ್ಟಲೆ ಇರುತ್ತದೆ. ಆಗ ಮಾವುತನ ಮಾತನ್ನೂ ಕೇಳದು. ಎಷ್ಟೇ ಖರ್ಚಾಗಿದ್ದರೂ ಅಂಥ ಆನೆಯನ್ನು ಹಾಗೇ ವಾಪಸ್ ಕಳಿಸಿ.